ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್: ಕೆಲವು ವರ್ಷ ಬಳಸಿದ ಮೇಲೆ

ಕೊಂಡ ವಾರವೇ ಬರೆದಿದ್ದರೆ ಕಣ್ಣುಮುಚ್ಚಿ ಐದಕ್ಕೆ ಐದು ಕೊಡುತ್ತಿದ್ದೆ. ಈಗ ನಾಲ್ಕು.

ನಾನು ಹೆಚ್ಚಾಗಿ ಕೇಳುವುದು ಹಿನ್ನೆಲೆಯಲ್ಲಿ ಮೆಲ್ಲಗೆ ಹರಿಯುವ ಆಂಬಿಯೆಂಟ್, ಕೆಲವೇ ಸ್ವರಗಳನ್ನು ಮತ್ತೆ ಮತ್ತೆ ನುಡಿಸುವ ಮಿನಿಮಲಿಸ್ಟ್, ಎಲೆಕ್ಟ್ರಾನಿಕ್ ಸಂಗೀತ. ಅದರಲ್ಲಿ ತೀರಾ ಮೆಲುದನಿಯ ಜಾಗಗಳು ಬಹಳ. ಮಾಮೂಲಿ ಇಯರ್‌ಫೋನ್‌ನಲ್ಲಿ ಅವೆಲ್ಲ ಎಂಜಿನ್ ಸದ್ದಿನಡಿ ಮುಳುಗಿಹೋಗುತ್ತಿದ್ದವು. ವಾಲ್ಯೂಮ್ ಏರಿಸಿದರೋ, ಮುಂದಿನ ಜೋರು ಭಾಗ ಕಿವಿಗೆ ಬಡಿಯುತ್ತಿತ್ತು. ಇದರಲ್ಲಿ ಆ ತಾಪತ್ರಯವಿಲ್ಲ. ಮೈಕು ಹೊರಗಿನ ಸದ್ದನ್ನು ಹಿಡಿಯುತ್ತದೆ, ಅದಕ್ಕೆ ತಲೆಕೆಳಗಾದ ಅಲೆಯನ್ನು ಸ್ಪೀಕರ್ ಹೊರಡಿಸುತ್ತದೆ, ಎರಡೂ ಸೇರಿ ಅಳಿಸಿಹೋಗುತ್ತವೆ. ಬಸ್ಸು, ವಿಮಾನ, ಫ್ಯಾನುಗಳ ಒಂದೇ ಸಮನೆಯ ಗುಂಯ್‌ಗುಡುವಿಕೆ ಮಾಯ. ಮಾತು, ಮಗುವಿನ ಅಳು, ಪಾತ್ರೆ ಬಿದ್ದ ಸದ್ದು ಮಾತ್ರ ಅಷ್ಟಿಷ್ಟು ನುಸುಳುತ್ತವೆ. ವಾರಕ್ಕೆ 40 ಗಂಟೆ ಕೇಳುವವರು 80 ಡೆಸಿಬೆಲ್ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈಗ ನನ್ನ ವಾಲ್ಯೂಮ್ ಅರ್ಧದ ಮೇಲೆ ಹೋಗುವುದೇ ಅಪರೂಪ.

ಒಮ್ಮೆ ತಮಾಷೆಗೆ ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್‌ನ 1952ರ ‘4 ನಿಮಿಷ 33 ಸೆಕೆಂಡ್’ ಹಾಕಿಕೊಂಡೆ. ಅದರಲ್ಲಿ ವಾದಕ ಏನನ್ನೂ ನುಡಿಸುವುದಿಲ್ಲ, ಸುತ್ತಲಿನ ಸದ್ದೇ ಸಂಗೀತ. ಈ ಹೆಡ್‌ಫೋನ್ ಆ ಸಂಗೀತವನ್ನೇ ಅಳಿಸಿ, ತನ್ನದೇ ಸರ್ಕ್ಯೂಟಿನ ಸಣ್ಣ ‘ಸುಯ್’ ಕೇಳಿಸಿತು!

ನಿಜವಾದ ತಕರಾರು ಬೇರೆ. ಮಿನಿಮಲಿಸ್ಟ್ ಸಂಯೋಜಕ ಸ್ಟೀವ್ ರೈಕ್ 1976ರಲ್ಲಿ ಮುಗಿಸಿದ, ಹದಿನೆಂಟು ವಾದಕರಿಗಾಗಿ ಬರೆದ ಕೃತಿ ಸುಮಾರು ಒಂದು ಗಂಟೆಯದು. ಹೆಡ್‌ಫೋನ್‌ನಲ್ಲಿ ಮರಿಂಬಾದ (ಮರದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ) ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ, ಅದೇ ಖುಷಿ. ಆದರೆ ಕೋಣೆಯ ಸ್ಪೀಕರಿನಲ್ಲಿ ಎಡಗಡೆಯ ದನಿ ಒಂದಿಷ್ಟು ತಡವಾಗಿ ಬಲಗಿವಿಗೂ ತಲುಪುತ್ತದೆ, ಗೋಡೆಗೆ ತಾಗಿ ಮರಳುತ್ತದೆ. ಪೆಟ್ಟುಗಳು ಬೆರೆತು, ಯಾರೂ ನುಡಿಸದ ಹೊಸ ರಾಗವೊಂದು ಮೇಲೆ ತೇಲಿದಂತಾಗುತ್ತದೆ. ಹೆಡ್‌ಫೋನ್‌ನಲ್ಲಿ ಹದಿನೆಂಟೂ ಜನ ನನ್ನ ತಲೆಬುರುಡೆಯೊಳಗೇ ಕೂತಿರುತ್ತಾರೆ. ದನಿ ಸುತ್ತಲಿಂದ ಬಂದಂತೆ ಕೇಳಿಸುವ ಸ್ಪೇಶಿಯಲ್ ಆಡಿಯೋ ಆನ್ ಮಾಡಿ ನೋಡಿದೆ. ದನಿ ದೂರವೇನೋ ಹೋಯಿತು, ಜೊತೆಗೆ ಮಸುಕೂ ಆಯಿತು. ಆಫ್ ಮಾಡಿದವನು ಮತ್ತೆ ಮುಟ್ಟಿಲ್ಲ. ಒಂದು ಅಂಕ ಹೋದದ್ದು ಇಲ್ಲೇ.

ಲಾಸ್‌ಲೆಸ್, ಅಂದರೆ ಮೂಲ ದನಿಯಲ್ಲಿ ಏನೂ ಕಳೆಯದ ಸ್ಟ್ರೀಮಿಂಗ್ ಪ್ಲಾನ್‌ಗೆ ದುಡ್ಡು ಸುರಿಯುವವರಿಗೊಂದು ಮಾತು: ಸಿಡಿಯ ದರ ಸೆಕೆಂಡಿಗೆ 1411 ಕಿಲೋಬಿಟ್. ಬ್ಲೂಟೂತ್‌ನಲ್ಲಿ ದನಿಯನ್ನು ಕುಗ್ಗಿಸಿ ಕಳಿಸುವ ಎಲ್‌ಡ್ಯಾಕ್ ವಿಧಾನದ್ದು ಗರಿಷ್ಠ 990, ಸಿಗ್ನಲ್ ಗಿಜಿಗುಡುವ ಕಡೆ 330ಕ್ಕೂ ಇಳಿಯುತ್ತದೆ. ಬಸ್ಸಿನಲ್ಲಿ ನನಗಂತೂ ವ್ಯತ್ಯಾಸ ಗೊತ್ತಾಗಲಿಲ್ಲ.

ಕಾಲಕ್ರಮದಲ್ಲಿ ಕುಶನ್‌ನ ಸಿಪ್ಪೆ ಎದ್ದು ಕೊರಳ ಮೇಲೆಲ್ಲ ಕರಿ ಚೂರು ಉದುರತೊಡಗಿತು. ಕಿವಿಯ ಸುತ್ತ ಸಂದು ಬಿಟ್ಟಿದ್ದರಿಂದ ಬೇಸ್ ಸೊರಗಿತು, ಹೊರಗಿನ ಸದ್ದೂ ಒಳಬರತೊಡಗಿತು. ಸರ್ಕ್ಯೂಟ್ ಕೆಟ್ಟಿದೆಯೆಂದು ಸರ್ವಿಸ್‌ಗೆ ಓಡಬೇಡಿ, ಕುಶನ್ ಬದಲಿಸಿದರೆ ಸಾಕು, ಮೊದಲಿನಂತಾಗುತ್ತದೆ. ಬ್ಯಾಟರಿಯದು ಆ ಕತೆಯಲ್ಲ. ಮೊದಲಿನ ಅರ್ಧ ಹೊತ್ತೂ ಬಾಳುತ್ತಿಲ್ಲ, ನಾವೇ ಬಿಚ್ಚಿ ಬದಲಿಸುವಂತೆಯೂ ಇಲ್ಲ. ಕೊಳ್ಳುವ ಮುನ್ನ ಪವರ್ ಆಫ್ ಮಾಡಿ, ವೈರ್ ಸಿಕ್ಕಿಸಿ ಒಂದು ಹಾಡು ಕೇಳಿ. ಬ್ಯಾಟರಿ ಸತ್ತ ಮೇಲೆ ನಿಮಗೆ ಉಳಿಯುವ ದನಿ ಅದೇ. ನನ್ನದರಲ್ಲಿ ಕಂಬಳಿ ಹೊದ್ದು ಹಾಡಿದ ಹಾಗಿದೆ.