ಅರ್ಧಕ್ಕೆ ನಿಂತ ಉಬುಂಟು ಅಪ್‌ಗ್ರೇಡ್: ಒಂದೇ ಡಿಸ್ಕಿನ ಮೇಲೆ ಮೂರು ದಾರಿ

ಮೇ ತಿಂಗಳ ಸಂಜೆ, ಬಸವನಗುಡಿಯ ಮನೆಯಲ್ಲಿ ಕಂಪ್ಯೂಟರಿನ ಉಬುಂಟು (ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಂ) ಆವೃತ್ತಿಯನ್ನು 22.04ರಿಂದ 24.04ಕ್ಕೆ ಏರಿಸುತ್ತಿದ್ದೆ. ಗುಡುಗು ಮಳೆ ಶುರುವಾಗಿ ಕರೆಂಟು ಹೋಯಿತು. ಯುಪಿಎಸ್ ಇರಲಿಲ್ಲ. ಕರೆಂಟು ಬಂದ ಮೇಲೆ ಆನ್ ಮಾಡಿದರೆ ಬರೀ ಕಪ್ಪು ಪರದೆ. ಅಮ್ಮನ ಹಳೆಯ ಫೋಟೊಗಳೆಲ್ಲ ಅದರಲ್ಲೇ ಇದ್ದವು.

ಮೊದಲು ಲೈವ್ ಪೆನ್‌ಡ್ರೈವ್‌ನಿಂದ (ಡಿಸ್ಕಿನ ಹಂಗಿಲ್ಲದೆ ತನ್ನಿಂದಲೇ ಉಬುಂಟು ಓಡಿಸುವಂಥದ್ದು) ಬೂಟ್ ಮಾಡಿ ಫೋಟೊಗಳನ್ನು ಹೊರಗೆ ತೆಗೆದೆ. ಆಮೇಲೆ ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿನ ಇಮೇಜ್ (ಯಥಾವತ್ ನಕಲು) ತೆಗೆದಿಟ್ಟೆ. ಹಾಗಾಗಿ ಕೆಟ್ಟ ಸ್ಥಿತಿಗೇ ಪ್ರತಿಸಲ ಮರಳಿ, ಸರಿಪಡಿಸುವ ಮೂರು ದಾರಿಗಳನ್ನೂ ಪರೀಕ್ಷಿಸಲು ಆಯಿತು.

ಮೊದಲನೆಯದು ಸಿಎಚ್‌ರೂಟ್, ಅಂದರೆ ಲೈವ್‌ನಿಂದಲೇ ಡಿಸ್ಕಿನಲ್ಲಿರುವ ಕೆಟ್ಟ ಸಿಸ್ಟಂನ ಒಳಗೆ ಹೋಗಿ ಕೆಲಸ ಮಾಡುವುದು. ಲೈವ್ ಪೆನ್‌ಡ್ರೈವ್‌ನಿಂದ ರೂಟ್ ಪಾರ್ಟಿಷನ್ (ಸಿಸ್ಟಂ ಇರುವ ಡಿಸ್ಕಿನ ಭಾಗ) ಮೌಂಟ್ ಮಾಡಿ (ಜೋಡಿಸಿ), ಡೆವ್, ಪ್ರಾಕ್, ಸಿಸ್ ಎಂಬ ಮೂರು ಸಿಸ್ಟಂ ಫೋಲ್ಡರುಗಳನ್ನೂ ಬೈಂಡ್ ಮಾಡಿ ಒಳಹೊಕ್ಕು, ಅರ್ಧಕ್ಕೆ ನಿಂತ ಪ್ಯಾಕೇಜುಗಳ ಅಳವಡಿಕೆ ಮುಗಿಸುವ ‘ಡಿಪಿಕೆಜಿ --ಕಾನ್ಫಿಗರ್ -ಎ’ ಓಡಿಸಿದೆ. ತಕರಾರಿಲ್ಲದೆ ಮುಗಿಯಿತು. ರೀಬೂಟ್ ಮಾಡಿದರೆ ಅದೇ ಕಪ್ಪು ಪರದೆ! ಒಂದು ಗಂಟೆ ತಲೆಕೆಡಿಸಿಕೊಂಡ ಮೇಲೆ ಹೊಳೆಯಿತು: ನನ್ನ /ಬೂಟ್ (ಸಿಸ್ಟಂ ಏಳಲು ಬೇಕಾದ ಫೈಲುಗಳ ಜಾಗ) ಬೇರೆ ಪಾರ್ಟಿಷನ್, ಅದನ್ನು ಮೌಂಟ್ ಮಾಡಿರಲೇ ಇಲ್ಲ. ಹೊಸ ಇನಿಟ್‌ರ‍್ಯಾಮ್‌ಎಫ್‌ಎಸ್ (ಬೂಟ್ ಆಗಲು ಬೇಕಾದ ಒಂದು ಫೈಲು) ರೂಟ್‌ನ ಖಾಲಿ /ಬೂಟ್ ಫೋಲ್ಡರಿನಲ್ಲಿ ಹೋಗಿ ಕೂತಿತ್ತು. ಇಮೇಜ್ ಮತ್ತೆ ಇಳಿಸಿ, /ಬೂಟ್ ಮತ್ತು ಇಎಫ್‌ಐ ಪಾರ್ಟಿಷನ್ ಎರಡನ್ನೂ ಸೇರಿಸಿ ಮಾಡಿದಾಗಲೇ ನಿಜವಾದ ಎರರ್ ಕಂಡಿತು: /ಬೂಟ್‌ನಲ್ಲಿ ಜಾಗವಿಲ್ಲ. ಹಳೆಯ ಕರ್ನಲ್‌ಗಳು (ಸಿಸ್ಟಂನ ತಿರುಳು) ತುಂಬಿಕೊಂಡಿದ್ದವು. ಕರೆಂಟು ಹೋಗದಿದ್ದರೂ ಈ ಅಪ್‌ಗ್ರೇಡ್ ಇಲ್ಲಿ ನಿಲ್ಲುತ್ತಿತ್ತು. ಎರಡು ಹಳೆಯ ಕರ್ನಲ್ ಡಿಪಿಕೆಜಿಯಿಂದಲೇ ತೆಗೆದು, ‘ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಕೊಟ್ಟು, ಕೊನೆಗೆ ಗ್ರಬ್ (ಬೂಟ್ ಮಾಡಿಸುವ ತಂತ್ರಾಂಶ) ಅಪ್‌ಡೇಟ್ ಮಾಡಿದೆ. 24.04 ಎದ್ದು ನಿಂತಿತು.

ಎರಡನೆಯದು ಟೈಮ್‌ಶಿಫ್ಟ್, ಸಿಸ್ಟಂ ಅನ್ನು ಹಳೆಯ ಸ್ಥಿತಿಗೆ ಮರಳಿಸುವ ತಂತ್ರಾಂಶ. ಇದು ಬಹಳ ಸುಲಭ. ಅಪ್‌ಗ್ರೇಡಿನ ದಿನ ಬೆಳಿಗ್ಗೆಯೇ ಅದರಿಂದ ಎರಡನೇ ಡಿಸ್ಕಿಗೆ ಆರ್‌ಸಿಂಕ್ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸಿಸ್ಟಂ ಫೈಲುಗಳ ನಕಲು) ತೆಗೆದಿದ್ದೆ. ಲೈವ್‌ನಲ್ಲಿ ಟೈಮ್‌ಶಿಫ್ಟ್ ಹಾಕಿ ರಿಸ್ಟೋರ್ ಕೊಟ್ಟೆ, ಅರ್ಧ ಗಂಟೆಯೊಳಗೆ ಹಳೆಯ 22.04 ಬಂತು. ನಮ್ಮ ಸ್ವಂತ ಫೈಲುಗಳಿರುವ /ಹೋಮ್ ಅನ್ನು ಅದು ತಾನಾಗಿ ಮುಟ್ಟುವುದಿಲ್ಲ, ಫೋಟೊಗಳ ಬ್ಯಾಕಪ್ ಅಂತ ಇದನ್ನು ನಂಬಬಾರದು. ಆದರೆ /ಬೂಟ್ ತುಂಬಿದ್ದದ್ದು ಹಾಗೇ ಉಳಿಯಿತು.

ಮೂರನೆಯದು ಹೊಸ ಇನ್‌ಸ್ಟಾಲ್. /ಹೋಮ್ ಬೇರೆ ಪಾರ್ಟಿಷನ್‌ನಲ್ಲಿ ಇದ್ದದ್ದರಿಂದ ಫಾರ್ಮ್ಯಾಟ್ ಮಾಡದೆ ಉಳಿಸಿಕೊಂಡೆ. ಆದರೂ ಕನ್ನಡ ಕೀಬೋರ್ಡು, ಪ್ರಿಂಟರ್, ಸೆಟ್ಟಿಂಗ್‌ಗಳ ಫೋಲ್ಡರಾದ /ಇಟಿಸಿಯಲ್ಲಿ ನಾನು ಬದಲಿಸಿದ್ದ ಫೈಲುಗಳು ಎಲ್ಲ ಮತ್ತೆ ಮಾಡುವಷ್ಟರಲ್ಲಿ ಒಂದು ಸಂಜೆ ಹೋಯಿತು. ಉಳಿದೆರಡೂ ಕೈಕೊಟ್ಟರೆ ಮಾತ್ರ ಇದಕ್ಕೆ ಹೋಗುತ್ತೇನೆ.

ಮರುದಿನ ಬೆಳಿಗ್ಗೆ ಆಫೀಸ್ ಕೆಲಸ ಇದ್ದವರಿಗೆ ಟೈಮ್‌ಶಿಫ್ಟ್ ಎನ್ನುತ್ತೇನೆ. ನನಗೆ ಬೇಕಾದದ್ದು ಸಿಎಚ್‌ರೂಟ್, ಏಕೆ ಕೆಟ್ಟಿತೆಂದು ತೋರಿಸಿದ್ದು ಅದೊಂದೇ. ಎಸ್.ಪಿ. ರಸ್ತೆಯಿಂದ ಯುಪಿಎಸ್ ತಂದಿದ್ದೇನೆ. ತಮ್ಮನ ಲ್ಯಾಪ್‌ಟಾಪ್ ಏರಿಸುವ ಮುನ್ನ ಸ್ನ್ಯಾಪ್‌ಶಾಟ್ ತೆಗೆದು, ‘ಡಿಎಫ್ -ಎಚ್ /ಬೂಟ್’ ಹಾಕಿ ನೋಡಿದೆ. ಅಲ್ಲೂ ಜಾಗ ಇರಲಿಲ್ಲ.