ಇಡಾ ಅಚ್ಚು ಚೆನ್ನಾಗಿದೆ, ಜೊತೆಗೆ ಬರೋ ಚೀಟಿ ಮಾತ್ರ ನಂಬಬೇಡಿ

ಗಂಗಾವತಿಗೆ ಇಡಾ ಪಳೆಯುಳಿಕೆಯ ಅಚ್ಚಿನ ಪಾರ್ಸೆಲ್ ಬರೋಕೆ ಹನ್ನೊಂದು ದಿನ ಹಿಡಿಯಿತು. ಬಿಚ್ಚಿ ನೋಡಿದರೆ ಹಲಗೆಯ ಒಂದು ಮೂಲೆ ಮುರಿದು, ಬಾಲದ ತುದಿ ಬೇರೆಯಾಗಿ ಬಿದ್ದಿತ್ತು. ಫೆವಿಕ್ವಿಕ್ ಹಾಕಿ ಕೂರಿಸಿದೆ, ಈಗ ಹತ್ತಿರ ಬಂದು ನೋಡಿದರಷ್ಟೇ ಗೊತ್ತಾಗುತ್ತದೆ.

ಇಡಾ ಅಂದ್ರೆ ಬಹಳ ಹಿಂದಿನ ಒಂದು ಪ್ರೈಮೇಟ್, ಅಂದರೆ ಮಂಗ, ಕಾಡುಪಾಪ, ಮನುಷ್ಯ ಎಲ್ಲ ಸೇರೋ ಗುಂಪಿನ ಪ್ರಾಣಿ. ತರಿಸಿದ್ದು ಅದರ ಪಳೆಯುಳಿಕೆಯ ರೆಸಿನ್ (ಅಚ್ಚಿಗೆ ಸುರಿದರೆ ಗಟ್ಟಿಯಾಗೋ ಪ್ಲಾಸ್ಟಿಕ್‌ನಂಥ ವಸ್ತು) ನಕಲು, ಆನ್‌ಲೈನ್‌ನಲ್ಲಿ, ಸಾಗಣೆ ಸೇರಿ 3,800 ರೂಪಾಯಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು, ಶಾಲೆಯ ವಸ್ತುಪ್ರದರ್ಶನಕ್ಕೆ ಬೇಕಿತ್ತು. ಅಸಲಿ ಸಿಕ್ಕಿದ್ದು 1983ರಲ್ಲಿ, ಜರ್ಮನಿಯ ಮೆಸೆಲ್ ಗಣಿಯಲ್ಲಿ. ವಯಸ್ಸು ಸುಮಾರು 4.7 ಕೋಟಿ ವರ್ಷ. ವೈಜ್ಞಾನಿಕ ಹೆಸರು ಡಾರ್ವಿನಿಯಸ್ ಮಾಸಿಲ್ಲೇ, ಇಡಾ ಅನ್ನೋದು ಅದನ್ನು ಅಧ್ಯಯನ ಮಾಡಿದ ನಾರ್ವೆಯ ಯೋರ್ನ್ ಹುರುಮ್ ತಮ್ಮ ಮಗಳ ಹೆಸರನ್ನೇ ಇಟ್ಟಿದ್ದು.

ಅಚ್ಚಿನ ಕೆಲಸಕ್ಕೆ ಮಾತ್ರ ಶಭಾಶ್ ಅನ್ನಲೇಬೇಕು. ಸ್ಕೇಲ್ ಇಟ್ಟು ಅಳೆದೆ, ಮೂತಿಯಿಂದ ಬಾಲದ ತುದಿವರೆಗೆ 58 ಸೆಂ.ಮೀ., ಅಸಲಿಯಷ್ಟೇ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಲವೇ. ಕೈಬೆರಳಿನ ಒಂದೊಂದು ಗೆಣ್ಣೂ ಬಿಡಿಬಿಡಿಯಾಗಿ ಕಾಣುತ್ತದೆ, ಹೆಬ್ಬೆರಳು ಉಳಿದವಕ್ಕೆ ಎದುರಾಗಿ ನಿಂತಿದೆ, ಕೊಂಬೆ ಹಿಡಿಯೋಕೆ ಹೇಗೆ ಬೇಕೋ ಹಾಗೆ. ಹುಡುಗರು ತಮ್ಮ ಕೈಯನ್ನು ಪಕ್ಕದಲ್ಲಿಟ್ಟು ನೋಡಿದರು. ಮೈಸುತ್ತ ಕೂದಲಿನ ಕಪ್ಪು ಗುರುತೂ ಬಂದಿದೆ. ಹೊಟ್ಟೆಯಲ್ಲಿ ಕೊನೆಯ ಊಟದ ಎಲೆ, ಹಣ್ಣು ಉಳಿದಿತ್ತು ಅಂದಾಗ ಒಬ್ಬ, "ಹಂಗಾದ್ರ ಟಿಫನ್ ಮಾಡೇ ಸತ್ತೈತ್ರಿ ಸರ್" ಅಂದ. ಅಚ್ಚಿನಲ್ಲಿ ಹಲ್ಲು ಮಾತ್ರ ಮೊಂಡಾಗಿವೆ, ಪಕ್ಕೆಲುಬುಗಳು ಒಂದಕ್ಕೊಂದು ಅಂಟಿಕೊಂಡಂತಿವೆ. ಗೋಡೆಗೆ ತೂಗುಹಾಕೋಕೆ ಕೊಂಡಿ ಕೊಟ್ಟಿಲ್ಲ.

ರೆಸಿನ್ ಅಂತ ಮೂಗು ಮುರಿಯಬೇಡಿ, ಅಸಲಿ ಇಡಾನೂ ರೆಸಿನ್‌ನಲ್ಲೇ ಕೂತಿರೋದು. ಮೆಸೆಲ್‌ನ ಎಣ್ಣೆಗಲ್ಲು ಒಣಗಿದರೆ ಒಡೆದು ಪುಡಿಯಾಗುತ್ತದೆ, ಅದಕ್ಕೇ ಅಲ್ಲಿ ಮೂಳೆಗಳನ್ನು ರೆಸಿನ್‌ಗೆ ವರ್ಗಾಯಿಸಿ ಉಳಿಸುತ್ತಾರೆ. ಇನ್ನೊಂದು ತಮಾಷೆ, ಕಲ್ಲು ಎರಡು ಹೋಳಾಗಿತ್ತು, ಅಮೆರಿಕಕ್ಕೆ ಹೋದ ಹೋಳಿನಲ್ಲಿ ಒಂದಷ್ಟು ಭಾಗ ಯಾರೋ ಸೇರಿಸಿದ ನಕಲಿ ಅಂತ ಆಮೇಲೆ ತಿಳಿಯಿತು. ನನ್ನದು ನಕಲು ಅಂತ ಹೇಳಿಯೇ ಮಾರಿದ್ದಾರೆ, ಅಷ್ಟು ಪ್ರಾಮಾಣಿಕತೆ ಸಾಕು.

ಆದರೆ ಆ ಚೀಟಿ! ನುಣುಪು ಕಾಗದ, ನಾಲ್ಕು ಬಣ್ಣ, ದೊಡ್ಡ ಅಕ್ಷರದಲ್ಲಿ 'ಮಂಗನಿಂದ ಮಾನವನಿಗೆ ಕಳೆದುಹೋದ ಕೊಂಡಿ'. 2009ರ ಮೇ ತಿಂಗಳಲ್ಲಿ ಇದರ ಬಗ್ಗೆ ಹುರುಮ್ ತಂಡದ ವೈಜ್ಞಾನಿಕ ಲೇಖನ ಬಂದಾಗ ಟಿವಿಯಲ್ಲಿ ಎದ್ದ ಗದ್ದಲವನ್ನೇ ಇವರು ಇನ್ನೂ ಹಿಡಿದು ಕೂತಿದ್ದಾರೆ. ಅದೇ ವರ್ಷ ಅಕ್ಟೋಬರಿನಲ್ಲಿ ಎರಿಕ್ ಸೈಫರ್ಟ್ ತಂಡ ಈಜಿಪ್ಟಿನಲ್ಲಿ ಸಿಕ್ಕ ಅಫ್ರಾಡಾಪಿಸ್ ಅನ್ನೋ ಪ್ರಾಣಿಯ ಜೊತೆ ಹೋಲಿಸಿ, 117 ಪ್ರೈಮೇಟ್‌ಗಳ 360 ಲಕ್ಷಣ ತಾಳೆ ನೋಡಿ, ಇಡಾ ಮಂಗ, ಮನುಷ್ಯರಿರೋ ನಮ್ಮ ಕಡೆಯದಲ್ಲ, ಮಡಗಾಸ್ಕರ್ ದ್ವೀಪದ ಲೀಮರ್ ಅನ್ನೋ ಪ್ರಾಣಿಯ ಕಡೆಯದು ಅಂತ ತೋರಿಸಿತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಮಂಗನಿಗಿಂತ ಕಾಡುಪಾಪಕ್ಕೆ ಹತ್ತಿರದ ನೆಂಟ. ಹುರುಮ್ ತಂಡದ ವಾದ ಏನಿತ್ತು ಅಂದ್ರೆ, ಕಾಡುಪಾಪಕ್ಕಿರೋ ಬಾಚಣಿಗೆಯಂಥ ಕೆಳಹಲ್ಲು, ಕಾಲ್ಬೆರಳಿನ ಮೈ ಬಾಚೋ ಉಗುರು ಇದಕ್ಕಿಲ್ಲ, ಹಾಗಾಗಿ ಮಂಗನ ಕಡೆಯದು. ಇಲ್ಲದ ವಸ್ತು ನೋಡಿ ನೆಂಟಸ್ತಿಕೆ ಹೇಳೋದು ಕಷ್ಟ ಅಲ್ವಾ? ಅಂಜನಾದ್ರಿ ಬುಡದಲ್ಲಿ ಬೆಳೆದ ನಮ್ಮ ಹುಡುಗರಿಗೆ ಮಂಗ ಯಾವುದು ಅಂತ ಚೀಟಿ ನೋಡಿ ಕಲಿಯೋ ಗತಿಯೂ ಇಲ್ಲ. ಒಬ್ಬಳು ಅಚ್ಚನ್ನು ಎರಡು ನಿಮಿಷ ನೋಡಿ, "ಸರ್, ಮಂಗ್ಯಾಗ ಮೂತಿ ಇಷ್ಟ್ ಚೂಪ್ ಇರಂಗಿಲ್ರಿ" ಅಂದಳು.

ಮಾರಿದವರಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ. ಬಾಲ ಮುರಿದಿದ್ದಕ್ಕೆ ಸಾರಿ ಕೇಳಿ 300 ರೂಪಾಯಿ ವಾಪಸ್ ಹಾಕಿದರು, ಅದು ಒಳ್ಳೇದು. ಚೀಟಿ ವಿಷಯಕ್ಕೆ, "ಸರ್, ಹಂಗೆ ಬರೆದ್ರೇನೇ ಸೇಲ್ ಆಗೋದು" ಅಂತ ನಕ್ಕರು. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಇದಕ್ಕಿಂತ ಹಳೆಯ, ಸುಮಾರು 5.4 ಕೋಟಿ ವರ್ಷದ ಪ್ರೈಮೇಟ್ ಮೂಳೆಗಳು ಸಿಕ್ಕಿವೆ, ಅದರ ಅಚ್ಚು ಇದೆಯಾ ಅಂತಲೂ ಕೇಳಿದೆ. ಹೆಸರೇ ಕೇಳಿರಲಿಲ್ಲ ಅವರು. ಅವು ಪುಟ್ಟ ದವಡೆ, ಹಲ್ಲು, ಕೈಕಾಲಿನ ಬಿಡಿ ಮೂಳೆಗಳು, ಗೋಡೆ ಮೇಲೆ ಇಡಾ ಥರ ಮೆರೆಯೋದಿಲ್ಲ, ನಿಜ.

ಅಚ್ಚಿಗೆ ಐದಕ್ಕೆ ನಾಲ್ಕು. ಪ್ಯಾಕಿಂಗ್‌ಗೆ ಎರಡು. ತರಿಸೋದಾದರೆ ಬಾಲದ ಮೂಲೆಗೆ ಥರ್ಮೋಕೋಲ್ ಜಾಸ್ತಿ ಇಡಿ ಅಂತ ಮೊದಲೇ ಹೇಳಿ. ಚೀಟಿಯ ಹಿಂಬದಿ ಖಾಲಿಯಿತ್ತು, ನಮ್ಮ ಹುಡುಗರು ಅಲ್ಲೇ ಸ್ಕೆಚ್ ಪೆನ್ನಿನಲ್ಲಿ ಸರಿಯಾದ ವಿವರ ಬರೆದು ಅಂಟಿಸಿದ್ದಾರೆ.