ಡ್ರಾಪರ್ ಸೀಟ್‌ಪೋಸ್ಟ್: ಕೇಬಲ್ಲೋ, ಹೈಡ್ರಾಲಿಕ್ಕೋ, ವೈರ್‌ಲೆಸ್ಸೋ?

ಸೈಕಲ್ ಓಡಿಸುತ್ತಲೇ ಹ್ಯಾಂಡಲ್ ಮೇಲಿನ ಲಿವರ್ ಒತ್ತಿ ಸೀಟನ್ನು ಏರಿಸಿ ಇಳಿಸಬಹುದಾದ ಸೀಟಿನ ಕಂಬವೇ ಡ್ರಾಪರ್. ಚಾಮುಂಡಿ ಬೆಟ್ಟದ ಟಾರು ರಸ್ತೆಯನ್ನಷ್ಟೇ ಹತ್ತಿಳಿಯುವವರಿಗೆ ಡ್ರಾಪರ್ ಬೇಕಿಲ್ಲ, ಕೈಯಲ್ಲೇ ಸಡಿಲಿಸುವ ಕ್ವಿಕ್ ರಿಲೀಸ್ ಕ್ಲ್ಯಾಂಪ್ ಸಾಕು. ಕರಿಘಟ್ಟದಂಥ ಕಡೆ ಕಲ್ಲುದಾರಿಯ ಏರಿಳಿತ ಮತ್ತೆಮತ್ತೆ ಬದಲಾಗುವಾಗ, ಹ್ಯಾಂಡಲ್ ಬಿಡದೆ ಸೀಟು ತಗ್ಗಿಸುವುದು ನಿಜಕ್ಕೂ ಉಪಯೋಗ.

ಮೈಸೂರು, ಮಂಡ್ಯದವರಿಗೆ ಕೇಬಲ್ ಮಾದರಿಯೇ ಒಳ್ಳೆಯದು. ಒಳಗಿನ ತಂತಿ ಗೇರ್ ಕೇಬಲ್ಲೇ. ತುಂಡಾದರೆ ಸಾಮಾನ್ಯ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ದೋಷವೆಂದರೆ, ತಂತಿಯ ಹೊರಕವಚವಾದ ಔಟರ್‌ಗೆ ಮಣ್ಣುನೀರು ಸೇರಿದರೆ ಲಿವರ್ ಬಿಗಿಯಾಗುತ್ತದೆ. ಹೈಡ್ರಾಲಿಕ್ ಲಿವರ್ ಬಲು ಮೃದು, ಆದರೆ ಪೈಪಿಗೆ ಗಾಳಿ ಹೊಕ್ಕರೆ ಅದನ್ನು ಹೊರತೆಗೆಯುವ ಬ್ಲೀಡ್ ಕಿಟ್ಟೂ ಸರಿಯಾದ ಎಣ್ಣೆಯೂ ಬೇಕು. ವೈರ್‌ಲೆಸ್ ಜೋಡಣೆ ಸುಲಭ. ಬೆಲೆ ದುಬಾರಿ, ಚಾರ್ಜ್ ಮರೆಯುವಂತಿಲ್ಲ.

ಯಾವುದನ್ನು ಕೊಳ್ಳುವ ಮುನ್ನವೂ ಹಳೆಯ ಪೋಸ್ಟಿನ ಮೇಲೆ ಕೊರೆದ ವ್ಯಾಸದ ಅಂಕಿ ನೋಡಿ: 27.2, 30.9, 31.6 ಅಥವಾ 34.9 ಮಿ.ಮೀ. 31.6ರ ಫ್ರೇಮಿಗೆ 30.9ರ ಪೋಸ್ಟನ್ನು ಶಿಮ್ (ತೆಳು ಲೋಹದ ತೋಳು) ಹಾಕಿ ಕೂರಿಸಬಹುದು, ತಿರುಗುಮುರುಗು ಆಗದು. ಫ್ರೇಮಿನಲ್ಲಿ ಕೇಬಲ್ ತೂರಿಸುವ ರಂಧ್ರವಿಲ್ಲದಿದ್ದರೆ ಹೊರಗಿನಿಂದ ಕೇಬಲ್ ಎಳೆಯುವ ಮಾದರಿ ಆರಿಸಿ. ಕುಳ್ಳಗಿರುವವರು 150 ಮಿ.ಮೀ. ಇಳಿತಕ್ಕೆ ಆಸೆಪಡುವ ಮೊದಲು, ಸೀಟನ್ನು ತುಳಿಯುವ ಎತ್ತರಕ್ಕಿಟ್ಟು ಫ್ರೇಮಿನ ಸೀಟ್ ಕ್ಲ್ಯಾಂಪ್ ಕಾಲರ್‌ನಿಂದ ಸೀಟಿನಡಿಯ ಕಂಬಿಯವರೆಗೆ (ರೈಲ್) ಅಳೆಯಲಿ. ಅಷ್ಟರೊಳಗೆ ಇಳಿತದ ಜೊತೆಗೆ ಪೋಸ್ಟಿನ ಕಾಲರ್, ತಲೆಭಾಗ ಎರಡೂ ಹಿಡಿಯಬೇಕು. ಸೀಟ್‌ಟ್ಯೂಬ್ ಒಳಗೆ ನೀರಿನ ಬಾಟಲಿ ಹಿಡಿಕೆಯ ಬೋಲ್ಟ್ ಅಡ್ಡ ಬಂದರೂ ಪೋಸ್ಟ್ ಪೂರ್ತಿ ಇಳಿಯದು.

ಹೊಸ ಪೋಸ್ಟ್ ನಿಧಾನವಾಗಿ ಏಳುತ್ತಿದ್ದರೆ ಮೊದಲು ಸೀಟ್ ಕ್ಲ್ಯಾಂಪ್ ಸಡಿಲಿಸಿ ನೋಡಿ. ಅತಿಯಾಗಿ ಬಿಗಿದರೆ ಹೊರಕೊಳವೆ ಒತ್ತಿಕೊಂಡು ಒಳಕೊಳವೆ ಉಜ್ಜುತ್ತದೆ. ಸಾಮಾನ್ಯವಾಗಿ 5-6 ನ್ಯೂಟನ್ ಮೀಟರ್ ಸಾಕು. ಸೀಟು ತಗ್ಗಿಸಿಟ್ಟು, ಅದನ್ನೇ ಹಿಡಿದು ಸೈಕಲ್ ಎತ್ತಬೇಡಿ.